ಬೆಂದು ಗಟ್ಟಿಯಾದವಳು

ಹೊಸೂರಿನ ಆಲಸನತ್ತಂನಲ್ಲಿದ್ದ ನಮ್ಮ ಬಾಡಿಗೆ ಮನೆಯ ನಡುಕೋಣೆಯ ಗೋಡೆಯಲ್ಲಿ, ನೆಲದಿಂದ ಮೂರಡಿ ಎತ್ತರಕ್ಕೆ, ಎರಡು ಕಂದು ಕಲೆಗಳಿದ್ದವು. ಅವು ಅಮ್ಮನ ಹಿಮ್ಮಡಿಯ ಗುರುತುಗಳು. ಫ್ಯಾಕ್ಟರಿಯಿಂದ ಬಂದವಳೇ ಅಮ್ಮ ಕಾಲಿಗೆ ಹರಳೆಣ್ಣೆ ಸವರಿಕೊಂಡು ಚಾಪೆಯ ಮೇಲೆ ಅಂಗಾತ ಮಲಗುತ್ತಿದ್ದಳು. ಎರಡೂ ಕಾಲನ್ನು ಗೋಡೆಗೆ ಏರಿಸಿ ಕಾಲು ಗಂಟೆ ಹಾಗೇ ಇರುತ್ತಿದ್ದಳು. ಆ ಕಾಲು ಗಂಟೆ ಅವಳನ್ನು ಯಾರೂ ಏನೂ ಕೇಳಕೂಡದು. ಅಜ್ಜಿ ಕೂಡ ಆಗ ಬಾಯಿ ಮುಚ್ಚಿಕೊಂಡಿರುತ್ತಿದ್ದಳು. ಅಮ್ಮ ಕೆಲಸ ಮಾಡುತ್ತಿದ್ದದ್ದು ತಗಡನ್ನು ಯಂತ್ರದಲ್ಲಿ ಒತ್ತಿ ಬೈಕಿನ ಬಿಡಿಭಾಗ ಮಾಡುವ ಕಡೆ. ಸಾಲಿನ ಕೊನೆಯಲ್ಲಿ ನಿಂತು, ಬರುವ ಒಂದೊಂದು ತುಂಡನ್ನೂ ತಿರುಗಿಸಿ ನೋಡಿ, ಅಂಚಿನ ಮೇಲೆ ಹೆಬ್ಬೆರಳು ಎಳೆದು, ಸರಿಯಿಲ್ಲದ್ದನ್ನು ಕೆಂಪು ಡಬ್ಬಿಗೆ ಹಾಕುವುದು ಅವಳ ಕೆಲಸ. ಎಂಟು ಗಂಟೆಯೂ ನಿಂತೇ ಇರಬೇಕು. ಆ ಸಾಲಿಗೆಲ್ಲ ಇದ್ದದ್ದು ಒಂದೇ ಕುರ್ಚಿ, ಅದು ಸಾಲಿನ ಮೇಲ್ವಿಚಾರಕನಾದ ಲೈನ್ ಲೀಡರನದು. ಮೀನಖಂಡದಲ್ಲಿ ಗಂಟುಗಟ್ಟಿದ ನೀಲಿ ನರಗಳನ್ನು ಬೆರಳಿನಿಂದ ಒತ್ತಿಕೊಳ್ಳುತ್ತ ಅಮ್ಮ ಎಷ್ಟೋ ಸಲ ಆ ಕುರ್ಚಿಯ ಮಾತೆತ್ತುತ್ತಿದ್ದಳು. ಪದವಿಯ ಆಸೆಗಲ್ಲ, ಕೂರುವುದಕ್ಕೆ.

ಮನೆ ಉದ್ದಕ್ಕೆ ಒಂದರ ಹಿಂದೊಂದು ಮೂರು ಕೋಣೆ. ಮುಂದಿನದರಲ್ಲಿ ಅಜ್ಜಿ, ಅಂದರೆ ಅಪ್ಪನ ತಾಯಿ. ಅವಳ ದೇವರ ಗೂಡು ಮತ್ತು ವಿಭೂತಿ ಗಟ್ಟಿ. ನಡುವಿನದು ನಮ್ಮೆಲ್ಲರದು. ಹಿಂದಿನದು ಅಡುಗೆಮನೆ. ಅಪ್ಪ ಕೃಷ್ಣಗಿರಿಯಲ್ಲಿ ಮಾವಿನ ರಸ ತೆಗೆಯುವ ಒಂದು ಕಂಪನಿಯ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಬಸ್ಸಿಗೆ ಹೋದರೆ ಕತ್ತಲಾದ ಮೇಲೆ ಬರುವರು, ಬೈಯುವ ಕೆಲಸವನ್ನೆಲ್ಲ ಅಮ್ಮನಿಗೇ ಬಿಟ್ಟಿದ್ದರು. ನಮ್ಮ ಊರಾದ ಗುಮ್ಮಳಾಪುರದಿಂದ ನಾವು ಇಲ್ಲಿಗೆ ಬಂದಾಗ ಅಜ್ಜಿ ಒಂದೇ ಷರತ್ತು ಹಾಕಿದ್ದಳಂತೆ, ಹೊಸ್ತಿಲೊಳಗೆ ಮೊಟ್ಟೆ ಬರಬಾರದು. ಕೆಳಗಿನ ಮನೆಯವರು ಭಾನುವಾರ ಮೊಟ್ಟೆ ಹುರಿದರೆ ಅಜ್ಜಿ ಎರಡು ಊದುಬತ್ತಿ ಹೆಚ್ಚಿಗೆ ಹಚ್ಚುತ್ತಿದ್ದಳು. ಮುಖದಲ್ಲಿ ಸಿಟ್ಟೇನೂ ಇರುತ್ತಿರಲಿಲ್ಲ, ಸೊಳ್ಳೆಗೆ ಹೊಗೆ ಹಾಕುವವರ ಹಾಗೆ ಹಚ್ಚಿ ಬರುತ್ತಿದ್ದಳು.

ಅಮ್ಮ ಮನೆಯಲ್ಲೂ ತಪಾಸಣೆಯವಳೇ. ನನಗೆ ಮೈ ಬೆಚ್ಚಗಾದರೆ ಹಣೆ ಮುಟ್ಟಿ ನೋಡುತ್ತಿರಲಿಲ್ಲ. ಥರ್ಮಾಮೀಟರ್ ಇಟ್ಟು, ಕಿಟಕಿಯ ಬೆಳಕಿಗೆ ಹಿಡಿದು ಓದಿ, 'ಸ್ಕೂಲಿಗ್ ಹೋಗ್ಬೌದು' ಅಥವಾ 'ಮನೀಕೊ' ಎನ್ನುತ್ತಿದ್ದಳು. ನೀರು ಬಿಡಲು ಸತಾಯಿಸುತ್ತಿದ್ದ ಮನೆ ಮಾಲೀಕರಿಗೆ ಅವಳು ತಮಿಳಿನಲ್ಲಿ ಹೇಳಿದ ಎರಡು ಮಾತಿನ ನಂತರ ನಲ್ಲಿ ಹೊತ್ತಿಗೆ ಸರಿಯಾಗಿ ಬರತೊಡಗಿತು. ಅಜ್ಜಿ ಇದನ್ನೆಲ್ಲ ನೋಡಿ ಒಂದೇ ಪದ ಬಳಸುತ್ತಿದ್ದಳು. ಜಗಳವಾಡಿದ ದಿನ ಅದು ಬೈಗುಳ, ಉಳಿದ ದಿನ ಹೊಗಳಿಕೆ.

"ಗಟ್ಟಿಗಿತ್ತಿ ಕಣವ್ವ ನೀನು. ನನ್ ಮಗ ಮೆತ್ತಗವ್ನೆ ಅಂತ ನಿನ್ನ ಹುಡುಕ್ ತಂದೆ. ಈಗ ನಾನೂ ಮೆತ್ತಗಾಗ್ಬುಟ್ಟೆ."

"ನೀವಾ? ಬುಡಿ ಅತ್ತೆ. ನಿಮ್ಮುನ್ನ ಮೆತ್ತಗೆ ಮಾಡಾಕೆ ನಮ್ ಫ್ಯಾಕ್ಟ್ರಿ ಮಿಷನ್ನೇ ಬರ್ಬೇಕು."

ಐದನೆಯ ತರಗತಿಯವರೆಗೆ ನಾನು ಗುಮ್ಮಳಾಪುರದಲ್ಲಿ ಕನ್ನಡದಲ್ಲೇ ಓದಿದವಳು. ಹೊಸೂರಿನ ಇಂಗ್ಲಿಷ್ ಶಾಲೆಗೆ ಸೇರಿ ಮೂರು ವರ್ಷವಾದರೂ ಮಾತಾಡುವ ಮೊದಲು ಮನಸ್ಸಿನಲ್ಲಿ ಒಮ್ಮೆ ಹೇಳಿ ನೋಡಿಕೊಳ್ಳುತ್ತಿದ್ದೆ. ನಮ್ಮ ಇಂಗ್ಲಿಷ್ ಟೀಚರು ಪ್ರತಿ ಶುಕ್ರವಾರ ಹತ್ತು ಪದಗಳ ಒಂದು ಹಾಳೆ ಕೊಡುತ್ತಿದ್ದರು. ಆ ಪದಗಳನ್ನು ವಾರವೆಲ್ಲ ದಿನಬಳಕೆಯ ಮಾತಿನಲ್ಲಿ ಸೇರಿಸಿ ಆಡಬೇಕು. ಒಂದು ವಾರ ಮನುಷ್ಯರ ಸ್ವಭಾವ ಹೇಳುವ ಪದಗಳು ಬಂದವು. ಮೂರನೆಯದು ಫರ್ಮ್, ದೃಢವಾದ ಎಂದರ್ಥ. ನಾಲ್ಕನೆಯದು ಹಾರ್ಡ್‌ಬಾಯ್ಲ್ಡ್, ಗಡುಸಾದ, ಭಾವುಕತೆಗೆ ಜಾಗ ಕೊಡದ ವ್ಯಕ್ತಿ ಎಂದು ಅದರ ಮುಂದೆ ಅರ್ಥವಿತ್ತು. ಓದಿದ ಕೂಡಲೇ ಅಮ್ಮನ ಥರ್ಮಾಮೀಟರ್ ಕಣ್ಣ ಮುಂದೆ ಬಂತು. ಇಂಗ್ಲಿಷಿನ ಒಂದು ಪದ ನಮ್ಮ ಮನೆಯೊಳಗೆ ಬಂದು ಕೂತಂತೆ ನನಗೆ ಅನ್ನಿಸಿದ್ದು ಅದೇ ಮೊದಲು. ಆ ವಾರದ ಪ್ರಬಂಧದಲ್ಲಿ ನನ್ನ ತಾಯಿ ಹಾರ್ಡ್‌ಬಾಯ್ಲ್ಡ್ ಹೆಂಗಸು ಎಂದು ಬರೆದು, ಎಲ್ಲರೆದುರು ನಿಂತು ಓದಿದೆ.

ಓದಿ ಮುಗಿಸುವ ಮೊದಲೇ ಸಂಧ್ಯಾ ಹಿಂದಿನ ಬೆಂಚಿನಿಂದ ತಮಿಳಿನಲ್ಲಿ "ಅವಿಚ್ಚ ಮುಟ್ಟೆ" ಎಂದಳು. ಬೇಯಿಸಿದ ಮೊಟ್ಟೆ, ಇಂಗ್ಲಿಷಿನಲ್ಲಿ ಆ ಪದಕ್ಕೆ ದಿನಬಳಕೆಯ ಅರ್ಥ ಅದೇ. ಸಂಧ್ಯಾ ನನ್ನ ಗೆಳತಿ, ನಮ್ಮ ಮುಂದಿನ ಬೀದಿಯವಳು. ತರಗತಿ ನಕ್ಕಿತು, ಟೀಚರ್ ಕೂಡ ನಗು ತಡೆದುಕೊಂಡರು. ಆಮೇಲೆ ಅವರು ನಿಧಾನವಾಗಿ ವಿವರಿಸಿದರು. ಪದ ತಪ್ಪಲ್ಲ. ಆದರೆ ಅದು ಪತ್ತೇದಾರರ, ಪೊಲೀಸರ ಹಳೆಯ ಕಥೆಗಳಲ್ಲಿ ಬರುವಂಥದ್ದು. ಒಬ್ಬರ ಬಗ್ಗೆ ಇನ್ನೊಬ್ಬರು, ಅದೂ ಸ್ವಲ್ಪ ನಗುತ್ತ, ಹೇಳುವಂಥದ್ದು. ತನ್ನ ಬಗ್ಗೆ ತಾನೇ ಹೇಳಿಕೊಂಡರೆ ಕೇಳುವವರಿಗೆ ಮೊಟ್ಟೆಯೇ ಕಾಣಿಸುತ್ತದೆ. ಈ ಕೊನೆಯ ಮಾತನ್ನು ನಾನು ಸ್ಪಷ್ಟವಾಗಿ ಕೇಳಿಸಿಕೊಂಡಿದ್ದೆ. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ, ಅದಕ್ಕೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂರು ದಿನ ನನ್ನನ್ನು ಕಂಡಾಗಲೆಲ್ಲ ಸಂಧ್ಯಾ ಬೆರಳುಗಳನ್ನು ಗುಂಡಗೆ ಮಾಡಿ ತೋರಿಸಿದಳು. ನಾಲ್ಕನೆಯ ದಿನ ನಾನು ಅವಳ ಕೈವಾರ ಕದ್ದೆ. ನನಗೆ ಅದು ಬೇಕಿರಲಿಲ್ಲ, ನನ್ನದೇ ಒಂದಿತ್ತು. ಗಣಿತದ ಪೀರಿಯಡ್ಡಿನಲ್ಲಿ ಅವಳು ಬೈಸಿಕೊಳ್ಳುವುದು ಬೇಕಿತ್ತು. ಸಂಜೆ ಅಮ್ಮ ನನ್ನ ಬ್ಯಾಗಿನಿಂದ ಊಟದ ಡಬ್ಬಿ ತೆಗೆಯುವಾಗ ಎರಡು ಕೈವಾರ ಕಂಡಳು. ಒಂದರ ಮೇಲೆ ಮೊಳೆಯಲ್ಲಿ ಗೀರಿದ ಎಸ್ ಅಕ್ಷರ. ಅವಳು ಅದರ ಮೇಲೆ ಹೆಬ್ಬೆರಳು ಎಳೆದಳು.

"ಇದು ಯಾರ್ದು?"

"ಸಂಧ್ಯಾದು. ಅವ್ಳೇ ಕೊಟ್ಲು."

"ನಡಿ, ಕೇಳಾನ."

ಅಮ್ಮ ಕಾಲು ಗೋಡೆಗೆ ಏರಿಸಲಿಲ್ಲ, ಫ್ಯಾಕ್ಟರಿಯ ನೀಲಿ ಕೋಟು ಬಿಚ್ಚಲಿಲ್ಲ. ಬೀದಿಯಲ್ಲಿ ನನ್ನ ಭುಜದ ಮೇಲೆ ಒಂದು ಬೆರಳು ಮಾತ್ರ ಇಟ್ಟುಕೊಂಡು ನಡೆದಳು. ಸಂಧ್ಯಾಳ ಮನೆಯ ಜಗಲಿಯಲ್ಲಿ ಅವಳ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದರು. ತೆಲುಗು ಮಾತಾಡುವ ಮನೆ. ಅಷ್ಟರಲ್ಲಿ ಸಂಧ್ಯಾಳೂ ಅವಳ ಅಮ್ಮನೂ ಹೊರಗೆ ಬಂದರು. ನಾನು ಆದದ್ದನ್ನು ತಮಿಳಿನಲ್ಲಿ ಗೊಣಗಿದೆ. ಅಮ್ಮನ ಬೆರಳು ಭುಜವನ್ನು ಒತ್ತಿತು.

"ಆ ಯಮ್ಮಂಗೆ ತಮಿಳ್ ಬರಾಕಿಲ್ಲ. ತೆಲುಗ್ನಾಗೆ ಹೇಳು."

"ತಪ್ಪಾಯ್ನವ್ವಾ. ಕೈವಾರಂ ನೇನೇ ತೀಸ್ಕುನ್ನ."

ತಪ್ಪಾಯಿತು, ಕೈವಾರ ತಗೊಂಡವಳು ನಾನೇ ಎಂದೆ. ಮುದುಕಿಗೆ ಕಿವಿ ಮಂದ. "ಏಮಂಟುಂದಿ ಈ ಪಿಲ್ಲ?" ಎಂದು ಸೊಸೆಯನ್ನು ಕೇಳಿದರು, ಏನಂತಾಳೆ ಈ ಹುಡುಗಿ ಎಂದು. ಸೊಸೆ, ಹೋಗಲಿ ಬಿಡಿ, ಮಕ್ಕಳು ಎಂದರು. ಅಮ್ಮ ಬಿಡಲಿಲ್ಲ.

"ಗಟ್ಟಿಯಾಗಿ ಹೇಳು."

ಮೂರನೆಯ ಸಲ ನಾನು ಹೇಳಿದ್ದು ಎದುರು ಮನೆಯವರಿಗೂ ಕೇಳಿಸಿತು. ಸಂಧ್ಯಾ ನಗಲಿಲ್ಲ, ನೆಲ ನೋಡುತ್ತ ನಿಂತಿದ್ದಳು, ಅದು ಇನ್ನೂ ಕಷ್ಟವಾಗಿತ್ತು. ಮುದುಕಿ ನನ್ನ ಕೈಗೆ ಒಂದು ಹಿಡಿ ಅವರೆಕಾಳು ಹಾಕಿದರು. ವಾಪಸು ಬರುವಾಗ ಅಮ್ಮ ಬೆರಳನ್ನು ತೆಗೆದು ಕೈಯನ್ನೇ ಹಿಡಿದುಕೊಂಡಳು. ನಾನು ಕೊಸರಿಕೊಂಡೆ.

"ತಮಿಳ್ನಾಗೆ ಹೇಳಿದ್ರೆ ಏನಾಗ್ತಿತ್ತು?"

"ಯಾರ್ ಮನೇಲಿ ತಪ್ ಮಾಡಿದ್ಯೋ ಅವ್ರಿಗೆ ತಿಳಿಯಂಗ್ ಹೇಳ್ಬೇಕು ಕಣೆ. ನಿಂಗ್ ಸಲೀಸು ಅಂತ ಹೇಳಾದಲ್ಲ."

ಇದಾಗಿ ಹತ್ತು ದಿನವೂ ಆಗಿರಲಿಲ್ಲ. ಅಮ್ಮ ಒಂದು ಸಂಜೆ ಕಾಲು ಗಂಟೆ ಮುಗಿಯುವ ಮೊದಲೇ ಗೋಡೆಯಿಂದ ಕಾಲಿಳಿಸಿ ಎದ್ದು ಕೂತಳು. ಅವರ ಸಾಲಿನ ಲೀಡರು ಕೆಲಸ ಬಿಡುತ್ತಿದ್ದ. ಅವನ ಜಾಗಕ್ಕೆ ಇಬ್ಬರ ಹೆಸರು, ಅದರಲ್ಲಿ ಒಂದು ಅಮ್ಮನದು. ಹೊಸದಾಗಿ ಬಂದಿದ್ದ ಮ್ಯಾನೇಜರಿಗೆ ನಮ್ಮ ಮೂರು ಭಾಷೆಯಲ್ಲಿ ಒಂದೂ ಬರುತ್ತಿರಲಿಲ್ಲ. ಸೋಮವಾರ ಇಬ್ಬರನ್ನೂ ಕರೆದು ಮಾತಾಡಿಸುವರು. ತಮ್ಮ ಬಗ್ಗೆ ನಾಲ್ಕು ಮಾತು ಇಂಗ್ಲಿಷಿನಲ್ಲಿ ಹೇಳಬೇಕು. ನಮ್ಮ ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದದ್ದು ನನಗೊಬ್ಬಳಿಗೆ. ಹೆಸರು, ಊರು, ಎಷ್ಟು ವರ್ಷದಿಂದ ಕೆಲಸ, ಮೂರು ವಾಕ್ಯ ಬರೆದುಕೊಟ್ಟೆ. ಅಮ್ಮ ಅದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು. ಅಡುಗೆಮನೆಯಲ್ಲಿ ಮುದ್ದೆಗೆ ಎಸರಿಟ್ಟು, ಹಾಳೆಯನ್ನು ಉಪ್ಪಿನ ಡಬ್ಬಿಗೆ ಒರಗಿಸಿ, ಒಲೆಯ ಕಡೆ ಮುಖ ಮಾಡಿಯೇ ಕೇಳಿದಳು.

"ನಾಕನೇದು, ನಾನೆಂಥೋಳು ಅಂತ ಹೇಳ್ಬೇಕಂತೆ. ಗಟ್ಟಿಗಿತ್ತಿ ಅನ್ನಾಕೆ ಇಂಗ್ಲೀಸ್ನಾಗೆ ಏನಂತಾರೆ?"

ಫರ್ಮ್ ನನ್ನ ನಾಲಿಗೆಯ ಮೇಲಿತ್ತು. ಅದೇ ಹಾಳೆ, ಒಂದು ಸಾಲು ಮೇಲೆ. ಅವಳ ಬೆನ್ನು ನನ್ನ ಕಡೆಗಿತ್ತು, ನೀಲಿ ಕೋಟು ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಸಂಧ್ಯಾಳ ಜಗಲಿಯ ಮುಂದೆ ನನ್ನ ಭುಜವನ್ನು ಒತ್ತಿದ ಬೆರಳು ನೆನಪಾಯಿತು.

"ಹಾರ್ಡ್‌ಬಾಯ್ಲ್ಡ್," ಎಂದೆ.

"ಬಾಯ್ಲ್ ಅಂದ್ರೆ ಬೇಸೋದಲ್ವಾ?"

"ಹ್ಞೂಂ. ಬೆಂದು ಗಟ್ಟಿಯಾದೋಳು ಅಂತ."

ಅಮ್ಮ ಎಸರಿಗೆ ಹಿಟ್ಟು ಸುರಿದು ಮುದ್ದೆಕೋಲು ಹಿಡಿದಳು. ಆಮೇಲೆ ಆ ಮಾತನ್ನು ಕನ್ನಡದಲ್ಲೇ ಎರಡು ಸಲ ಹೇಳಿಕೊಂಡಳು, ಬೆಂದು ಗಟ್ಟಿಯಾದೋಳು, ಬೆಂದು ಗಟ್ಟಿಯಾದೋಳು.

"ಸರಿಯಾಗೈತೆ. ಇಂಗ್ಲೀಸ್ನೋರು ಪರ್ವಾಗಿಲ್ಲ."

ಮುಂದಿನ ಕೋಣೆಯಿಂದ ಅಜ್ಜಿ ಕೂಗಿದಳು.

"ಏನವ್ವ ಅದು, ಬೆಂದು ಗಟ್ಟಿಯಾಗಿರೋದು? ಮುದ್ದೇನಾ?"

"ನಾನೇ ಕಣತ್ತೆ, ಮುದ್ದೆ."

"ನುಂಗಾಕಾಯ್ತದಾ?"

"ಇಷ್ಟ್ ವರ್ಷ ನುಂಗಾಕಾಯ್ತಾ ನಿಮ್ಗೆ?"

ಇಬ್ಬರೂ ನಕ್ಕರು. ಅತ್ತೆ ಸೊಸೆ ಹೀಗೆ ಒಟ್ಟಿಗೆ ನಗುವುದು ನಮ್ಮ ಮನೆಯಲ್ಲಿ ದಿನಾ ಕಾಣುವಂಥದ್ದಲ್ಲ. ಆಗಲೇ ಹೇಳಿಬಿಡಬಹುದಿತ್ತು. ನಾನೂ ಅವರ ಜೊತೆ ನಕ್ಕೆ.

ಅಮ್ಮನ ಮಾತಿನಲ್ಲಿ ಹಕಾರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೊಸ ಪದವಾದರೆ ಬರುತ್ತಲೇ ಇರಲಿಲ್ಲ. ಅವಳು 'ಆರ್ಡ್' ಎನ್ನುತ್ತಿದ್ದಳು. ಅದನ್ನು ತಿದ್ದಿದವಳು ನಾನು. ಶನಿವಾರ, ಭಾನುವಾರ, ಎರಡು ಸಂಜೆ, ಅವಳು ಕಾಲನ್ನು ಗೋಡೆಗಿಟ್ಟು ಮಲಗಿದ್ದಾಗ ನಾನು ಪಕ್ಕದಲ್ಲಿ ಕೂತು, ಉಸಿರು ಬಿಡು, ಹಾ ಅನ್ನು, ಎಂದು ಹೇಳಿಕೊಟ್ಟೆ. ಯಾರೂ ಏನೂ ಕೇಳಬಾರದ ಆ ಕಾಲು ಗಂಟೆಯನ್ನು ಅವಳು ನನಗೆ ಕೊಟ್ಟಿದ್ದಳು. ಚಾವಣಿ ನೋಡುತ್ತ ಅವಳು ಹಾ, ಹಾ ಎಂದು ಉಸಿರು ಬಿಡುವಳು. ಭಾನುವಾರ ಕತ್ತಲಾಗುವ ಹೊತ್ತಿಗೆ ಉಚ್ಚಾರ ಒಂದಿಷ್ಟೂ ತಪ್ಪಿಲ್ಲದೆ ಬಂತು. ಕೆಳಗಿನ ಮನೆಯಿಂದ ಮೊಟ್ಟೆ ಹುರಿಯುವ ವಾಸನೆ ಬರುತ್ತಿತ್ತು, ಅಜ್ಜಿ ಊದುಬತ್ತಿ ಹಚ್ಚುತ್ತಿದ್ದಳು. ರಜೆಯೆಂದು ಮನೆಯಲ್ಲಿದ್ದ ಅಪ್ಪ, ಅಮ್ಮ ನಾಲ್ಕು ವಾಕ್ಯ ಒಪ್ಪಿಸಿದ್ದು ಕೇಳಿ, ಮಗಳನ್ನು ಓದಿಸಿದ್ದು ಸಾರ್ಥಕವಾಯಿತು ಎಂದರು.

ಸೋಮವಾರ ಸಂಜೆ ಅಮ್ಮನ ಬಸ್ಸು ಬೀದಿಯ ತುದಿಯಲ್ಲಿ ನಿಂತದ್ದು ಕೇಳಿಸಿದ ಕೂಡಲೇ ನಾನು ಹೊಟ್ಟೆನೋವೆಂದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಬಾಗಿಲ ಸಂದಿಯಲ್ಲಿ ಎಲ್ಲ ಕೇಳಿಸುತ್ತಿತ್ತು. ಚಪ್ಪಲಿ ಬಿಟ್ಟದ್ದು, ಡಬ್ಬಿ ಕೆಳಗಿಟ್ಟದ್ದು.

"ಏನಾಯ್ತವ್ವ?" ಅಜ್ಜಿ.

"ಆಗ್ಲಿಲ್ಲ ಅತ್ತೆ. ಇನ್ನೊಬ್ಬನ್ಗಾಯ್ತು."

"ಮಾತಾಡಿದ್ಯಾ ಸರಿಯಾಗಿ?"

"ಮಾತಾಡ್ದೆ. ನಾಕೂ ಹೇಳ್ದೆ."

ಅಷ್ಟೇ. ನಾನು ಹೊರಗೆ ಬಂದಾಗ ಅವಳು ಕಾಲನ್ನು ಗೋಡೆಗೇರಿಸಿ ಕಣ್ಣು ಮುಚ್ಚಿದ್ದಳು. ಹೊಟ್ಟೆನೋವಿಗೆ ಓಮದ ನೀರು ಲೋಟದಲ್ಲಿ ಮುಚ್ಚಿಟ್ಟಿದ್ದಳು. ನಾನು ಅದನ್ನು ಕುಡಿದೆ. ಏನಾಯಿತು ಎಂದು ನಾನು ಕೇಳಲಿಲ್ಲ, ಆವತ್ತೂ ಇಲ್ಲ, ಮರುದಿನವೂ ಇಲ್ಲ.

ಗೊತ್ತಾದದ್ದು ಪೊಂಗಲ್ ಸಮಯದಲ್ಲಿ, ಅಮ್ಮನ ಜೊತೆ ಕೆಲಸ ಮಾಡುವ ಸೆಲ್ವಿ ಅಕ್ಕ ಕಬ್ಬು ತಂದುಕೊಟ್ಟಾಗ. ಅವರು ಬಾಗಿಲಲ್ಲೇ "ಮುಟ್ಟೆಕ್ಕಾ" ಎಂದು ಕರೆದರು. ಅಮ್ಮ ಒಳಗೆ ಕಾಫಿ ಮಾಡುತ್ತಿದ್ದಾಗ ಅವರು ನಗುತ್ತ, ತಮಿಳಿನಲ್ಲಿ, ಕಥೆಯನ್ನು ನನಗೆ ಹೇಳಿದರು. ಅಮ್ಮ ಕೋಟಿನ ಗುಂಡಿ ಎಲ್ಲ ಹಾಕಿಕೊಂಡು, ನೆಟ್ಟಗೆ ನಿಂತು, ಹಾರ್ಡ್‌ಬಾಯ್ಲ್ಡ್ ಲೇಡಿ ಎಂದಳಂತೆ. ಮ್ಯಾನೇಜರು ಇನ್ನೊಮ್ಮೆ ಹೇಳಿ ಎಂದರಂತೆ. ಅವರಿಗೆ ಕೇಳಿಸಲಿಲ್ಲವೆಂದುಕೊಂಡು ಅಮ್ಮ ಮೊದಲಿಗಿಂತ ಗಟ್ಟಿಯಾಗಿ ಹೇಳಿದಳಂತೆ. ಪಕ್ಕದಲ್ಲಿ ಕೂತ ಆಫೀಸರು ನಗು ತಡೆಯಲಾರದೆ ಎದ್ದು ಹೊರಗೆ ಹೋದರಂತೆ. ಮಧ್ಯಾಹ್ನದೊಳಗೆ ಇಡೀ ಸಾಲಿಗೆ ಗೊತ್ತಾಗಿ, ಕ್ಯಾಂಟೀನಿನಲ್ಲಿ ಯಾರೋ ಅಮ್ಮನ ತಟ್ಟೆಗೆ ಒಂದು ಮೊಟ್ಟೆ ಇಟ್ಟರಂತೆ. ಅವಳು ತಟ್ಟೆಯನ್ನು ಹಾಗೇ ಎತ್ತಿಕೊಂಡು ಹೋಗಿ ತೊಳೆಯುವ ಕಡೆ ಇಟ್ಟು, ಊಟ ಮಾಡದೆ ಕೆಲಸಕ್ಕೆ ನಿಂತಳಂತೆ. ಸೆಲ್ವಿ ಅಕ್ಕ ಕೆಟ್ಟವರಲ್ಲ. ಅವರಿಗೆ ಅದು ಹಳೆಯ ತಮಾಷೆ. ಆ ಪದ ಅಮ್ಮನಿಗೆ ಎಲ್ಲಿಂದ ಸಿಕ್ಕಿತು ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಅವರು ಹೋದ ಮೇಲೆ ಅಜ್ಜಿ ಕೇಳಿದಳು.

"ಮುಟ್ಟೆ ಅಂದ್ಳಲ್ಲ ಅವ್ಳು ನಿನ್ನ? ಏನ್ ತಿಂತೀಯ ನೀನು ಅಲ್ಲೋಗಿ?"

"ಮುತ್ತಕ್ಕ ಅಂದಿದ್ದು ಕಣತ್ತೆ, ಪ್ರೀತಿಗೆ. ನಿಮ್ಗೆ ಕಿವಿ ಮಂದ."

ಅಮ್ಮ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಒಂದು ಕೈವಾರದ ಸುಳ್ಳಿಗೆ ನನ್ನನ್ನು ಬೀದಿಯಲ್ಲಿ ನಡೆಸಿಕೊಂಡು ಹೋದವಳು. ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ, ಕಬ್ಬಿನ ಸಿಪ್ಪೆಯನ್ನು ಗುಡಿಸುತ್ತಿದ್ದಳು.

ಆ ಕುರ್ಚಿ ಅಮ್ಮನಿಗೆ ಸಿಕ್ಕಿತು, ಐದು ವರ್ಷದ ನಂತರ. ಆ ಮ್ಯಾನೇಜರು ಹೋಗಿ ಬೇರೊಬ್ಬರು ಬಂದಿದ್ದರು, ಅವರು ಯಾರನ್ನೂ ಇಂಗ್ಲಿಷಿನಲ್ಲಿ ಮಾತಾಡಿಸಲಿಲ್ಲ. ಅಷ್ಟರಲ್ಲಿ ಅವಳ ಬಲಗಾಲಿನ ನರಕ್ಕೆ ಆಪರೇಷನ್ ಆಗಿತ್ತು, ಯಂತ್ರದ ಕಡೆಗಿದ್ದ ಎಡಗಿವಿ ಮಂದವಾಗಿತ್ತು. ನಾನು ಫರ್ಮ್ ಎಂದಿದ್ದರೂ ಆ ಕುರ್ಚಿ ಇನ್ನೊಬ್ಬನಿಗೇ ಹೋಗುತ್ತಿತ್ತೋ ಏನೋ. ಹಾಗೆ ಅಂದುಕೊಂಡು ಎಷ್ಟೋ ಸಲ ನೋಡಿದ್ದೇನೆ. ಆದರೆ ಊಟ ಮಾಡದೆ ನಿಂತ ಆ ಮಧ್ಯಾಹ್ನ ಇನ್ಯಾರದ್ದೂ ಅಲ್ಲ, ಅದನ್ನು ಕೊಟ್ಟವಳು ನಾನು.

ಈಗ ನಾನು ಕೃಷ್ಣಗಿರಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹೋದ ತಿಂಗಳು ಒಬ್ಬ ವಿದ್ಯಾರ್ಥಿನಿ ತಾಯಿಯ ಬಗ್ಗೆ ಬರೆದ ಪ್ರಬಂಧ ತಂದಳು. ಅದರಲ್ಲಿ ಆ ಪದವಿತ್ತು. ಇದು ಸರಿಯಾ ಮೇಡಂ ಎಂದಳು. ನಾನು ಪೆನ್ನು ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ, ಆ ಹುಡುಗಿ ತಾನೇ ಅದನ್ನು ಹೊಡೆದುಹಾಕಿ ಸ್ಟ್ರಿಕ್ಟ್ ಎಂದು ಬರೆದುಕೊಂಡು ಹೋದಳು.

ಆ ಸಂಜೆ ಮನೆಗೆ ಬಂದಾಗ ಅಮ್ಮ ಚಾಪೆಯ ಮೇಲಿದ್ದಳು. ಮನೆ ಬದಲಾಗಿದೆ, ಅಜ್ಜಿ ಇಲ್ಲ, ಗೋಡೆಗೆ ಹೊಸ ಬಣ್ಣ. ಮೂರಡಿ ಎತ್ತರಕ್ಕೆ ಎರಡು ಕಲೆ ಮತ್ತೆ ಬಂದಿವೆ. ಕಾಲು ಗಂಟೆ ಮುಗಿಯಲಿ ಎಂದು ಕಾದರೆ, ಕಳೆದುಹೋದ ಹದಿಮೂರು ವರ್ಷದ ಹಾಗೆ ಇನ್ನೂ ಹದಿಮೂರು ವರ್ಷ ಕಾಯುತ್ತೇನೆ ಎನ್ನಿಸಿ, ಅವಳ ಪಕ್ಕ ಕೂತು ಎಲ್ಲ ಹೇಳಿದೆ. ಟೀಚರ್ ಹೇಳಿದ್ದು ನನಗೆ ಗೊತ್ತಿತ್ತು, ಬೇರೆ ಪದವೂ ಗೊತ್ತಿತ್ತು, ಬೇಕೆಂದೇ ಕೊಟ್ಟೆ ಎಂದು. ಅಮ್ಮ ಚಾವಣಿ ನೋಡುತ್ತ ಕೇಳಿಸಿಕೊಂಡಳು.

"ಗೊತ್ತು."

"ಯಾವಾಗ್ನಿಂದ?"

"ಅವತ್ತೇ. ನಿಮ್ಮಪ್ಪ ಕೇಳುದ್ರು, ನಿಮ್ಮಜ್ಜಿ ಕೇಳುದ್ರು. ಹೇಳ್ಕೊಟ್ಟೋಳು ಕೇಳ್ಲಿಲ್ಲ. ಬಚ್ಚಲ್ನಾಗೆ ಕೂತಿದ್ಲು."

"ಯಾಕಮ್ಮ ಏನೂ ಅನ್ಲಿಲ್ಲ? ಸಂಧ್ಯಾ ಮನೆಗೆ ಎಳ್ಕೊಂಡೋದ್ಯಲ್ಲ ಅವತ್ತು."

"ಅದು ಬೇರೇವ್ರ ಮನೆ. ಇದಕ್ಕೆ ಎಲ್ಲಿಗೆ ಎಳ್ಕೊಂಡ್ ಹೋಗ್ಲಿ ನಿನ್ನ?"

ಅವಳು ಕಾಲ ಬೆರಳುಗಳನ್ನು ಗೋಡೆಯ ಮೇಲೆ ಮಡಚಿ ಬಿಡಿಸಿದಳು. ನಾನು ಇಷ್ಟೆಲ್ಲ ಹೇಳಿದ್ದರೂ ಹೇಳಬೇಕಾದ್ದನ್ನು ಇನ್ನೂ ಹೇಳಿರಲಿಲ್ಲ. ಅದು ನನಗೂ ಗೊತ್ತಿತ್ತು, ಅವಳು ಕಾಯುತ್ತಿದ್ದ ರೀತಿಯಿಂದ ಅವಳಿಗೂ ಗೊತ್ತಿತ್ತು. ನನಗೆ ಸಲೀಸಾದ ಒಂದು ಇಂಗ್ಲಿಷ್ ಪದ ಬಾಯಿಗೆ ಬಂತು. ನುಂಗಿಕೊಂಡೆ.

"ತಪ್ಪಾಯ್ತಮ್ಮ."

ಅಮ್ಮ ತಲೆಯನ್ನು ಚಾಪೆಯ ಮೇಲೆ ಹೊರಳಿಸಿ, ಚೆನ್ನಾಗಿರುವ ಬಲಗಿವಿಯನ್ನು ನನ್ನ ಕಡೆಗೆ ತಂದಳು.

"ಗಟ್ಟಿಯಾಗಿ ಹೇಳು."